ಕರುಳಿನ ಉರಿಯೂತ ಇದ್ದವರು ವಾಕಿಂಗ್, ಜಿಮ್, ಯೋಗ ಮಾಡಬಹುದಾ? ಯಾವಾಗ ಮಾಡಬೇಕು, ಯಾವಾಗ ಬಿಡಬೇಕು?

ಶಿವಮೊಗ್ಗ: ಬೆಳಗ್ಗೆ ಐದೂವರೆಗೆ ವಾಕಿಂಗ್‌ಗೆ ಬರುವವರು ಎಷ್ಟು ರೌಂಡ್ ಆಯ್ತು ಅಂತ ಲೆಕ್ಕ ಹಾಕ್ತಾರೆ. ಕರುಳಿನ ಉರಿಯೂತ ಇರುವವರ ಲೆಕ್ಕವೇ ಬೇರೆ. ಮನೆಯಿಂದ ಹೊರಟರೆ ಮೊದಲ ಶೌಚಾಲಯ ಎಲ್ಲಿದೆ, ಆ ಹೊತ್ತಿಗೆ ಅದರ ಬೀಗ ತೆಗೆದಿರ್ತಾರಾ, ಇಲ್ಲದಿದ್ದರೆ ಪರಿಚಯದವರ ಮನೆ ಎಷ್ಟು ದೂರ? ಇಷ್ಟು ಗೊತ್ತಾದ ಮೇಲೆಯೇ ಅವರು ಚಪ್ಪಲಿ ಮೆಟ್ಟುವುದು. ಈ ತಾಪತ್ರಯವೇ ಬೇಡ ಅಂತ ವಾಕಿಂಗ್ ಬಿಟ್ಟು, ದಿನವಿಡೀ ಗಲ್ಲಾದ ಮುಂದೆ ಕೂತುಬಿಡುವವರೂ ಇದ್ದಾರೆ.

ಇದಕ್ಕೆ ತದ್ವಿರುದ್ಧವಾಗಿ ಮಾಡುವವರೂ ಇದ್ದಾರೆ. ಮಲದಲ್ಲಿ ರಕ್ತ ಹೋಗ್ತಾ ಇದ್ದರೂ "ಬೆವರು ಸುರಿಸಿದ್ರೆ ಎಲ್ಲ ಸರಿಹೋಗುತ್ತೆ" ಅಂತ ಜಿಮ್‌ಗೆ ಸೇರುತ್ತಾರೆ. ಇಲ್ಲವೇ ಯಾರೋ ಕಳಿಸಿದ ವಿಡಿಯೋ ನೋಡಿ ಮಾತ್ರೆ ನಿಲ್ಲಿಸಿ ಪ್ರಾಣಾಯಾಮ ಶುರು ಮಾಡುತ್ತಾರೆ.

ಎರಡೂ ತಪ್ಪು. ಈ ಕಾಯಿಲೆ ಇರುವವರಿಗೆ ವ್ಯಾಯಾಮ ಬೇಕೇ ಬೇಕು. ಆದರೆ ಎಷ್ಟು ಮಾಡಬೇಕು ಅನ್ನೋದನ್ನ ಕ್ಯಾಲೆಂಡರ್ ನೋಡಿ, ಪಕ್ಕದವರನ್ನ ನೋಡಿ ತೀರ್ಮಾನಿಸಲು ಆಗಲ್ಲ. ಆವತ್ತು ಕರುಳು ಹೇಗಿದೆ ಅನ್ನೋದರ ಮೇಲೆ ತೀರ್ಮಾನಿಸಬೇಕು.

ಇದು ಪೈಲ್ಸ್ ಅಲ್ಲ, ಗ್ಯಾಸ್ಟ್ರಿಕ್ಕೂ ಅಲ್ಲ

ವೈದ್ಯರು ಚೀಟಿಯಲ್ಲಿ ಐಬಿಡಿ ಅಂತ ಬರೆಯುವ ಕಾಯಿಲೆ ಇದು. ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವುದು ಅಲ್ಸರೇಟಿವ್ ಕೊಲೈಟಿಸ್. ಇದು ಗುದದ್ವಾರದ ಹತ್ತಿರ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಇನ್ನೊಂದು ಕ್ರಾನ್ಸ್ ಕಾಯಿಲೆ. ಅದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು, ಅಲ್ಲಲ್ಲಿ ಬಿಟ್ಟು ಬಿಟ್ಟು ಬರುತ್ತದೆ, ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ. ಅಮೆರಿಕದ ವೈದ್ಯ ಬರಿಲ್ ಕ್ರಾನ್ ಮತ್ತು ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇದರ ಬಗ್ಗೆ ಬರೆದಿದ್ದರಿಂದ ಆ ಹೆಸರು.

ಹೊರಗಿನ ಸೋಂಕನ್ನು ಎದುರಿಸಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿ ಬೀಳುವುದೇ ಎರಡರ ಮೂಲ. ಖಾರ ತಿಂದಿದ್ದಕ್ಕೆ, ಉಷ್ಣ ಆಗಿದ್ದಕ್ಕೆ ಬರುವ ಕಾಯಿಲೆ ಇದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ನಮ್ಮಲ್ಲಿ ಮಲದಲ್ಲಿ ರಕ್ತ ಕಂಡರೆ ಮೊದಲು ಬಾಯಿಗೆ ಬರೋದು ಮೂಲವ್ಯಾಧಿ. ನಾಟಿ ಔಷಧಿ, ಅದರ ಮೇಲೆ ಮೂಲಂಗಿ ಪಥ್ಯ ಅಂತ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಮೂಲವ್ಯಾಧಿಯಲ್ಲಿ ರಕ್ತ ಬಂದರೂ ಸಾಮಾನ್ಯವಾಗಿ ಭೇದಿ ಇರಲ್ಲ. ವಾರಗಟ್ಟಲೆ ಭೇದಿ, ರಕ್ತದ ಜೊತೆ ಲೋಳೆ, ನಡುರಾತ್ರಿ ಎದ್ದು ಓಡುವಂಥ ಅವಸರ, ತೂಕ ಇಳಿಯುವುದು, ಕೀಲು ನೋವು, ಬಾಯಲ್ಲಿ ಹುಣ್ಣು ಇವೆಲ್ಲ ಸೇರಿಕೊಂಡರೆ ಪರೀಕ್ಷೆ ಮಾಡಿಸಲೇಬೇಕು. ಐಬಿಎಸ್ ಅನ್ನೋದು ಮತ್ತೊಂದು ತೊಂದರೆ. ಹೆಸರು ಹತ್ತಿರ ಇದ್ದರೂ ಅದರಲ್ಲಿ ಕರುಳಿಗೆ ಹುಣ್ಣಾಗುವುದಿಲ್ಲ, ರಕ್ತವೂ ಬರುವುದಿಲ್ಲ. ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ: ಕರುಳಿನ ಕ್ಷಯ ನೋಡಲು ಥೇಟ್ ಕ್ರಾನ್ಸ್ ತರಹವೇ ಇರುತ್ತದೆ. ಕೊಲೊನೋಸ್ಕೋಪಿ ಮಾಡಿ, ಸಣ್ಣ ಚೂರು ತೆಗೆದು ಪರೀಕ್ಷಿಸಿದ ಮೇಲೂ ಎರಡನ್ನೂ ಬೇರ್ಪಡಿಸಲು ವೈದ್ಯರು ತಿಣುಕುವುದುಂಟು. ಹಾಗಾಗಿ ಯಾವ ಕಾಯಿಲೆ ಅಂತ ಖಾತ್ರಿ ಆಗುವ ಮೊದಲೇ ವ್ಯಾಯಾಮದ ಪಟ್ಟಿ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ.

ಪೂರ್ತಿ ವಾಸಿಯಾಗುವ ಕಾಯಿಲೆ ಇದಲ್ಲ. ಆದರೆ ಔಷಧಿಯಿಂದ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಣ್ಣಗೆ ಇರುತ್ತದೆ. ಮತ್ತೆ ಯಾವಾಗಲೋ ಕೆರಳುತ್ತದೆ. ಮುಂದಿನ ಮಾತೆಲ್ಲ ಈ ಎರಡು ಸ್ಥಿತಿಗಳ ಮೇಲೆ ನಿಂತಿದೆ.

ತಣ್ಣಗಿದ್ದಾಗ ಯಾಕೆ ಮೈ ಬಗ್ಗಿಸಬೇಕು?

ಬ್ರಿಟನ್ನಿನ ದೋಣಿ ಸ್ಪರ್ಧಿ ಸ್ಟೀವ್ ರೆಡ್‌ಗ್ರೇವ್ 1984ರಿಂದ 2000ದವರೆಗೆ ಸತತ 5 ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದವರು. ಅವರಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ ಅಂತ ಗೊತ್ತಾಗಿದ್ದು 1992ರಲ್ಲಿ. ಅಂದ್ರೆ ಕೊನೆಯ ಪದಕಗಳೆಲ್ಲ ಈ ಕಾಯಿಲೆ ಇಟ್ಟುಕೊಂಡೇ ಬಂದವು. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಆಟಗಾರ ಡ್ಯಾರೆನ್ ಫ್ಲೆಚರ್ ಅವರದ್ದು ಇನ್ನೊಂದು ಬಗೆ. ಇದೇ ಕಾಯಿಲೆಯಿಂದ 2011ರ ಡಿಸೆಂಬರ್‌ನಲ್ಲಿ ಆಟದಿಂದ ಹಿಂದೆ ಸರಿದರು, 2013ರ ಆರಂಭದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು, ಆಮೇಲೆ ಮತ್ತೆ ಮೈದಾನಕ್ಕೆ ಇಳಿದು ಇನ್ನೊಂದು ತಂಡದ ನಾಯಕರೂ ಆದರು. ಇವರಿಬ್ಬರ ಮಟ್ಟಕ್ಕೆ ಯಾರೂ ಹೋಗಬೇಕಾಗಿಲ್ಲ. ಫ್ಲೆಚರ್ ಅವರಿಂದ ಗಮನಿಸಬೇಕಾದದ್ದು ಒಂದೇ: ಬಿಡಬೇಕಾದಾಗ ಅವರು ಆಟ ಬಿಟ್ಟರು.

ವ್ಯಾಯಾಮದಿಂದ ಆಗುವ ಮೊದಲ ಲಾಭ ಮೂಳೆಗೆ. ಕಾಯಿಲೆ ಕೆರಳಿದಾಗ ಪ್ರೆಡ್ನಿಸೊಲೋನ್ ತರಹದ ಸ್ಟೀರಾಯ್ಡ್ ಕೊಡುತ್ತಾರೆ. ಅದು ಬೇಗ ಕೆಲಸ ಮಾಡುತ್ತೆ ನಿಜ, ಆದರೆ ಪದೇ ಪದೇ ತಗೊಂಡರೆ ಮೂಳೆ ಟೊಳ್ಳಾಗುತ್ತದೆ, ತೊಡೆ ಮತ್ತು ಭುಜದ ಮಾಂಸಖಂಡ ಸೊರಗುತ್ತದೆ. ನೆಲದ ಮೇಲೆ ಕೂತವರು ಕೈ ಊರದೆ ಏಳಲು ಆಗಲ್ಲ ಅನ್ನುವ ಸ್ಥಿತಿ ಬರುತ್ತದೆ. ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಸಾಕಾಗುವುದಿಲ್ಲ. ಅದರ ಮೇಲೆ ಭಾರ ಬೀಳಬೇಕು. ನಡಿಗೆ, ಮೆಟ್ಟಿಲು ಹತ್ತುವುದು, ಹಗುರವಾದ ತೂಕ ಎತ್ತುವುದು ಆ ಕೆಲಸ ಮಾಡುತ್ತವೆ.

ಎರಡನೆಯದು ಸುಸ್ತು. ಈ ಕಾಯಿಲೆಯವರು ರಕ್ತ ನಿಂತ ಮೇಲೂ ಹೇಳುವ ದೂರು ಇದು. "ಏನೂ ಮಾಡಿಲ್ಲ, ಆದ್ರೂ ಸುಸ್ತು." ಇದರಲ್ಲಿ ಒಂದಷ್ಟು ಪಾಲು ರಕ್ತಹೀನತೆಯದ್ದು, ಅದನ್ನು ಮೊದಲು ಪರೀಕ್ಷಿಸಬೇಕು. ಹಿಮೋಗ್ಲೋಬಿನ್ ತೀರಾ ಕಮ್ಮಿ ಇದ್ದಾಗ ನಡಿಗೆ ಹೆಚ್ಚಿಸಿದರೆ ಎದೆ ಹೊಡೆದುಕೊಂಡು ತಲೆ ಸುತ್ತುತ್ತದೆಯೇ ಹೊರತು ಶಕ್ತಿ ಬರಲ್ಲ. ರಕ್ತ ಸರಿಯಾಗಿದ್ದೂ ಉಳಿಯುವ ಸುಸ್ತಿಗೆ ಮಾತ್ರ ನಿಧಾನದ ವ್ಯಾಯಾಮ ಮದ್ದು. ಕೆನಡಾದಲ್ಲಿ ಕ್ರಾನ್ಸ್ ಇರುವವರನ್ನು ವಾರಕ್ಕೆ 3 ದಿನ, ದಿನಕ್ಕೆ ಅರ್ಧ ಗಂಟೆಯಂತೆ 3 ತಿಂಗಳು ಆರಾಮದ ನಡಿಗೆ ಮಾಡಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಈ ಸಣ್ಣ ಅಧ್ಯಯನದಲ್ಲಿ ನಡೆದವರ ದಿನನಿತ್ಯದ ಬದುಕು ಸುಧಾರಿಸಿತ್ತು, ನಡಿಗೆಯಿಂದ ಕಾಯಿಲೆ ಕೆರಳಲಿಲ್ಲ.

ಹಾಗಂತ ವ್ಯಾಯಾಮದಿಂದ ಕರುಳಿನ ಹುಣ್ಣು ಮಾಯುತ್ತದೆ ಅಂತ ಯಾರೂ ಸಾಬೀತು ಮಾಡಿಲ್ಲ. ಹುಣ್ಣು ಮಾಯಿಸುವುದು ಮೆಸಲಮೈನ್, ಅಜಾಥಿಯೋಪ್ರಿನ್, ಇಂಜೆಕ್ಷನ್‌ಗಳ ಕೆಲಸ. ಉಳಿದ ದೇಹವನ್ನು ಕುಸಿಯದ ಹಾಗೆ ನೋಡಿಕೊಳ್ಳುವುದು ವ್ಯಾಯಾಮದ ಕೆಲಸ. "ಆರಾಮಾಗಿದೀನಲ್ಲ, ಇನ್ಯಾಕೆ ಮಾತ್ರೆ" ಅಂತ ನಿಲ್ಲಿಸುವವರೇ ಮತ್ತೆ ಆಸ್ಪತ್ರೆ ಸೇರುವುದು ಹೆಚ್ಚು.

ಎಲ್ಲಿಂದ ಶುರು ಮಾಡೋದು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ ಮಾಡಬೇಕು, ವಾರಕ್ಕೆ 2 ದಿನವಾದರೂ ಮಾಂಸಖಂಡ ಗಟ್ಟಿಮಾಡುವ ಕಸರತ್ತು ಮಾಡಬೇಕು. ಐಬಿಡಿ ಇರುವವರು ಕೊನೆಗೆ ಮುಟ್ಟಬೇಕಾದ ಗುರಿಯೂ ಅದೇ. ಆದರೆ ಮೊದಲ ವಾರವೇ ಅಲ್ಲ.

ಹಾಸಿಗೆ ಹಿಡಿದು ಎದ್ದವರಿಗೆ ದಿನಕ್ಕೆ 10 ನಿಮಿಷ ಸಾಕು. ಅದು ಒಂದು ವಾರ ಸಲೀಸಾಗಿ ನಡೆದರೆ 12, 15 ಅಂತ ಏರಿಸುವುದು. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಮಧ್ಯಮ ವೇಗ ಅಂದ್ರೆ ಅಷ್ಟೇ, ಕೈಗೆ ಕಟ್ಟುವ ವಾಚ್ ಇದಕ್ಕೆ ಬೇಕಿಲ್ಲ. ಮಾರನೇ ದಿನ ಏಳುವಾಗ ಮಾಮೂಲಿಗಿಂತ ಹೆಚ್ಚು ಸುಸ್ತಾಗಿದ್ದರೆ, ಅಥವಾ ಶೌಚಕ್ಕೆ ಹೋಗುವ ಸಲ ಹೆಚ್ಚಾಗಿದ್ದರೆ ಹಿಂದಿನ ದಿನ ಜಾಸ್ತಿ ಆಯ್ತು ಅಂತ ಲೆಕ್ಕ.

ಅಂಗಡಿಯವರಿಗೆ ಇದರಲ್ಲೊಂದು ಅನುಕೂಲವಿದೆ, ಬರೆದಿಡುವ ಅಭ್ಯಾಸ. ಉದ್ರಿ ಪುಸ್ತಕದ ಹಿಂದಿನ ಪುಟದಲ್ಲೇ ಆದೀತು. ದಿನಕ್ಕೆ ಎಷ್ಟು ಸಲ ಶೌಚ, ರಕ್ತ ಇತ್ತಾ ಇಲ್ಲವಾ, ಎಷ್ಟು ನಿಮಿಷ ನಡೆದಿದ್ದು, ವಾರಕ್ಕೊಮ್ಮೆ ತೂಕ. ಒಂದು ತಿಂಗಳ ಇಂಥ ಚೀಟಿ ತೋರಿಸಿದರೆ ಬೆಂಗಳೂರಿನ ತಜ್ಞರ ಮುಂದೆ ಸಿಗುವ 10 ನಿಮಿಷ ಪೂರ್ತಿ ಉಪಯೋಗಕ್ಕೆ ಬರುತ್ತದೆ. ತಾಳಗುಪ್ಪ ರೈಲು ಹತ್ತಿ ಅಷ್ಟು ದೂರ ಹೋಗಿ "ಹಂಗೇ ಇದೆ ಸಾರ್" ಅಂದು ವಾಪಸ್ ಬರುವುದಕ್ಕಿಂತ ಇದು ವಾಸಿ.

ಓಟದ ವಿಷಯದಲ್ಲಿ ಎಚ್ಚರ ಬೇಕು. ಜೋರಾಗಿ ಓಡುವಾಗ ರಕ್ತವೆಲ್ಲ ಕಾಲಿನ ಕಡೆ ಹೋಗಿ ಕರುಳಿಗೆ ಹೋಗುವುದು ಕಮ್ಮಿಯಾಗುತ್ತದೆ, ಜೊತೆಗೆ ಕುಲುಕಾಟ ಬೇರೆ. ಆರೋಗ್ಯವಂತ ಓಟಗಾರರಿಗೇ ದಾರಿಯಲ್ಲಿ ಭೇದಿ ಆಗುವುದುಂಟು. ಹಾಗಾಗಿ ಓಟಕ್ಕಿಂತ ಬಿರುಸಿನ ನಡಿಗೆ, ಈಜು, ಸೈಕಲ್ ಒಳ್ಳೆಯದು. ಆದರೆ ಗುದದ್ವಾರದ ಹತ್ತಿರ ಭಗಂದರ ಇರುವ ಕ್ರಾನ್ಸ್ ರೋಗಿಗಳಿಗೆ ಸೈಕಲ್ ಸೀಟು ಆಗಿಬರಲ್ಲ, ಅಲ್ಲಿಂದ ಕೀವು ಸೋರುತ್ತಿದ್ದರೆ ಈಜೂ ಬೇಡ. ಕೀಲು ನೋವು ಇರುವವರಿಗೆ ಇನ್ನೊಂದು ಸೂಕ್ಷ್ಮ. ಬೆಳಗ್ಗೆ ಎದ್ದಾಗ ಬೆನ್ನು ಬಿಗಿಯಾಗಿದ್ದು ಓಡಾಡಿದ ಮೇಲೆ ಸಡಿಲ ಆಗುತ್ತೆ ಅಂದ್ರೆ ಅದು ಈ ಕಾಯಿಲೆಯದ್ದೇ ಬೆನ್ನುನೋವು ಇರಬಹುದು. ಅದಕ್ಕೆ ಮಲಗುವುದಕ್ಕಿಂತ ಮೈ ಸಡಿಲಿಸುವುದೇ ಮದ್ದು, ಆದರೆ ವೈದ್ಯರಿಗೆ ಹೇಳಲೇಬೇಕು.

ಮಲೆನಾಡಿನಲ್ಲಿ ಜೂನ್ ಬಂತು ಅಂದ್ರೆ ವಾಕಿಂಗ್ ಕೆಟ್ಟಿತು. ತೀರ್ಥಹಳ್ಳಿ, ಹೊಸನಗರದ ಕಡೆ ಛತ್ರಿ ಹಿಡಿದು ನಡೆಯಲೂ ಆಗದ ದಿನಗಳೇ ಹೆಚ್ಚು. ಆಗ ಮನೆಯೊಳಗೇ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಲೀಟರ್ ಬಾಟಲಿಗೆ ನೀರು ತುಂಬಿಸಿ ಎತ್ತುವುದು, ಜಗಲಿಯ ಉದ್ದಕ್ಕೂ ಓಡಾಡುವುದು ಮಾಡಬಹುದು. ಸ್ಟೀರಾಯ್ಡ್‌ನಿಂದ ಸೊರಗಿದ ತೊಡೆಗೆ ಕುರ್ಚಿ ಕಸರತ್ತು ವಾಕಿಂಗ್‌ಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಮೂಟೆ ಎತ್ತುವುದೂ ವ್ಯಾಯಾಮ ಅಲ್ವಾ?

"ದಿನಾ 26 ಕೆಜಿ ಅಕ್ಕಿ ಚೀಲ ಎತ್ತಿ ಇಡ್ತೀನಿ, ನಂಗ್ಯಾಕೆ ಬೇರೆ ವ್ಯಾಯಾಮ?" ಅಂತ ಅಂಗಡಿಯವರು ಕೇಳುವುದು ಸಹಜ. ಮಾಂಸಖಂಡಕ್ಕೆ ಅದು ಕೆಲಸವೇ. ತೊಂದರೆ ಇರುವುದು ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಎತ್ತುವುದರಲ್ಲಿ. ಆಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗುವುದು ಹೀಗೇ. ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡವರ ಬೆನ್ನುಮೂಳೆ ಬಗ್ಗಿ ಭಾರ ಎತ್ತುವಾಗಲೇ ಬಿರುಕು ಬಿಡಬಹುದು. ಅಂಥವರು ಮೂಳೆ ಸಾಂದ್ರತೆಯ ಸ್ಕ್ಯಾನ್ ಬೇಕಾ ಅಂತ ವೈದ್ಯರನ್ನ ಕೇಳಬೇಕು. ಅಲ್ಲಿವರೆಗೆ ಚೀಲಕ್ಕೆ ಇಬ್ಬರು ಕೈ ಹಾಕುವುದು, ತಳ್ಳುಗಾಡಿ ಇಡುವುದು, ಭಾರದ ಮಾಲನ್ನು ಸೊಂಟದ ಮಟ್ಟದಲ್ಲಿ ಜೋಡಿಸುವುದು ಒಳ್ಳೆಯದು.

ಕರುಳಿನ ಭಾಗ ತೆಗೆದು ಹೊಟ್ಟೆಗೆ ಸ್ಟೋಮಾ ಚೀಲ ಹಾಕಿರುವವರೂ ನಡೆಯಬಹುದು, ಗಾಯ ಒಣಗಿದ ಮೇಲೆ ಈಜಲೂಬಹುದು. ಹೊರಡುವ ಮೊದಲು ಚೀಲ ಖಾಲಿ ಮಾಡಿಕೊಳ್ಳಬೇಕು. ಭಾರ ಎತ್ತುವುದು, ಕಬಡ್ಡಿಯಂಥ ಮೈಗೆ ಮೈ ತಾಕುವ ಆಟಗಳನ್ನು ಶಸ್ತ್ರಚಿಕಿತ್ಸಕರು ಒಪ್ಪಿದ ಮೇಲೆಯೇ ಶುರು ಮಾಡಬೇಕು. ಸಣ್ಣ ಕರುಳಿಗೆ ಚೀಲ ಹಾಕಿದ್ದರೆ ನೀರಿನ ಜೊತೆ ಉಪ್ಪೂ ಹೊರಗೆ ಹೋಗುತ್ತಿರುತ್ತದೆ. ಬೆವರಿದರೆ ಬರೀ ನೀರು ಕುಡಿದು ಸಾಲದು.

ಓಆರ್‌ಎಸ್ ಅಂದ್ಕೊಂಡು ಜ್ಯೂಸ್ ಕುಡಿಯಬೇಡಿ

ನೀರಿನ ವಿಷಯ ಈ ಕಾಯಿಲೆಯಲ್ಲಿ ದೊಡ್ಡದು. ಭೇದಿ ಆಗಿ ಮೊದಲೇ ನೀರು, ಉಪ್ಪು ಹೋಗಿರುತ್ತದೆ. ಅದರ ಮೇಲೆ ಬೆವರು. ನಡಿಗೆಗೆ ಮುಂಚೆಯೇ ಸ್ವಲ್ಪ ಕುಡಿದು, ನಡುವೆ ಗುಟುಕು ಗುಟುಕಾಗಿ ಕುಡಿಯಬೇಕು. ಮೂತ್ರ ಗಾಢ ಹಳದಿ ಆಗಿದ್ದರೆ ಆವತ್ತು ವ್ಯಾಯಾಮಕ್ಕಿಂತ ಮೊದಲು ನೀರು. ಏಕಾದಶಿ, ರಂಜಾನ್ ಉಪವಾಸದ ದಿನ ನೀರೂ ಬಿಟ್ಟು ಬಿರುಸಾಗಿ ನಡೆಯುವುದು ಬೇಡ.

ಮೆಡಿಕಲ್ ಶಾಪ್‌ನಲ್ಲಿ ಸಿಗುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯೇ ಅಸಲಿ ಓಆರ್‌ಎಸ್. ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಹಾಕಬೇಕು, ಲೋಟಕ್ಕೆ ಚಿಟಿಕೆಯಂತೆ ಹಾಕುವುದಲ್ಲ. ಪುಡಿ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪೆಟ್ಟಿಗೆಯಲ್ಲಿ ಬರುವ ಸಿಹಿ ಪಾನೀಯಗಳನ್ನು ಓಆರ್‌ಎಸ್ ಹೆಸರು ಸೇರಿಸಿ ಮಾರುತ್ತಿದ್ದರು. ಅದರಲ್ಲಿ ಸಕ್ಕರೆ ಹೆಚ್ಚಿದ್ದರೆ ಭೇದಿ ಇನ್ನೂ ಜಾಸ್ತಿ ಆಗುತ್ತದೆ. ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಫ್ರಿಜ್‌ನಲ್ಲಿ ಹಳೇ ಸ್ಟಾಕ್ ಉಳಿದಿದ್ದರೆ ಅಂಗಡಿಯವರು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಎಳನೀರು ಕುಡಿಯಬಹುದು, ಆದರೆ ಅದರಲ್ಲಿ ಸೋಡಿಯಂ ಕಮ್ಮಿ, ಅದೊಂದೇ ಓಆರ್‌ಎಸ್‌ಗೆ ಸಮ ಅಲ್ಲ.

ಮೈಕೈ ನೋವಿನ ಮಾತ್ರೆಯೇ ಕಾಯಿಲೆ ಕೆರಳಿಸಬಹುದು

ಇದು ಬಹಳ ಜನ ಎಡವುವ ಜಾಗ. ಹೊಸದಾಗಿ ವ್ಯಾಯಾಮ ಶುರು ಮಾಡಿದ ಮೂರನೇ ದಿನ ತೊಡೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಮೆಡಿಕಲ್ ಶಾಪ್‌ಗೆ ಹೋಗಿ "ಮೈಕೈ ನೋವಿಗೆ ಏನಾದ್ರೂ ಕೊಡಿ" ಅಂದರೆ ಕೈಗೆ ಬರುವುದು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಇರುವ ಮಾತ್ರೆ. ಕೆಲವರಲ್ಲಿ ಈ ಗುಂಪಿನ ನೋವುಮಾತ್ರೆಗಳು ತಣ್ಣಗಿದ್ದ ಕರುಳನ್ನು ಕೆರಳಿಸುತ್ತವೆ. ಆಮೇಲೆ ಬೈಗುಳ ಬೀಳುವುದು ವಾಕಿಂಗ್‌ಗೆ. "ವಾಕಿಂಗ್ ಮಾಡಿದ್ದಕ್ಕೇ ಹೀಗಾಯ್ತು" ಅಂತ.

ಪ್ಯಾರಸಿಟಮಾಲ್ ಒಂದೇ ಇರುವ ಮಾತ್ರೆ ಇವರಿಗೆ ಸಾಮಾನ್ಯವಾಗಿ ಸುರಕ್ಷಿತ. ಆದರೆ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಜೊತೆ ಅಸೆಕ್ಲೋಫೆನಾಕ್ ಸೇರಿರುತ್ತದೆ. ಹೆಸರು ನೋಡಿದರೆ ಗೊತ್ತಾಗಲ್ಲ, ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಬೇಕು. ಔಷಧಿ ಅಂಗಡಿಯವರಿಗೆ "ಕರುಳಿನ ಉರಿಯೂತ ಇದೆ" ಅಂತ ಮೊದಲೇ ಹೇಳಿಬಿಟ್ಟರೆ ಅರ್ಧ ಅಪಾಯ ಕಳೆದ ಹಾಗೆ. ಹಾಗೆಯೇ ವಾಕಿಂಗ್‌ಗೆ ಹೋಗಬೇಕು ಅಂತ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು. ಕೊಲೈಟಿಸ್ ಜೋರಾಗಿ ಕೆರಳಿರುವಾಗ ಅದು ಕರುಳು ಉಬ್ಬಿ ಪ್ರಾಣಕ್ಕೇ ಕುತ್ತು ತರಬಹುದು.

ಅಜಾಥಿಯೋಪ್ರಿನ್ ನುಂಗುವವರು ಬಿಸಿಲಿನ ಹೊತ್ತು ತಪ್ಪಿಸಬೇಕು. ಈ ಮಾತ್ರೆ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ. ತೋಳು ತುಂಬಿದ ಅಂಗಿ, ಟೋಪಿ ಇರಲಿ.

ಯೋಗ ಸರಿ, ಕಪಾಲಭಾತಿ ಎಲ್ಲರಿಗೂ ಅಲ್ಲ

ಜರ್ಮನಿಯಲ್ಲಿ ಕಾಯಿಲೆ ತಣ್ಣಗಿದ್ದ 77 ಕೊಲೈಟಿಸ್ ರೋಗಿಗಳ ಮೇಲೆ ಅಧ್ಯಯನ ನಡೆಯಿತು. ಅವರಲ್ಲಿ ಒಂದು ಗುಂಪಿಗೆ 12 ವಾರ, ವಾರಕ್ಕೊಂದು ಯೋಗ ತರಗತಿ. ಇನ್ನೊಂದು ಗುಂಪಿಗೆ ಓದಲು ಪುಸ್ತಕ. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯೋಗ ಮಾಡಿದವರ ಬದುಕಿನ ಗುಣಮಟ್ಟ ಉತ್ತಮವಾಗಿತ್ತು. ಯೋಗ ಮಾಡಿದ್ದು ಚಿಕಿತ್ಸೆಯ ಬದಲಿಗೆ ಅಲ್ಲ, ಅದರ ಜೊತೆಗೆ ಅನ್ನೋದು ಇಲ್ಲಿ ಮುಖ್ಯ.

ಶವಾಸನ, ನಿಧಾನದ ಉಸಿರಾಟ, ಮೈ ಸಡಿಲಿಸುವ ಆಸನಗಳನ್ನು ಕಾಯಿಲೆ ಸ್ವಲ್ಪ ಕೆರಳಿದ್ದರೂ ಮಾಡಬಹುದು. ಹೊಟ್ಟೆಯನ್ನು ಜೋರಾಗಿ ಒಳಗೆ ಹೊರಗೆ ಹೊಡೆಯುವ ಕಪಾಲಭಾತಿ, ಭಸ್ತ್ರಿಕಾ, ನೌಲಿ, ಹೊಟ್ಟೆಯ ಮೇಲೆ ಭಾರ ಬೀಳುವ ಮಯೂರಾಸನದಂಥವು ಆಗ ಬೇಡ. ಶಸ್ತ್ರಚಿಕಿತ್ಸೆ ಆದವರಿಗೆ, ಸ್ಟೋಮಾ ಇರುವವರಿಗೂ ಬೇಡ. ಶಿಬಿರದಲ್ಲಿ ನೂರು ಜನರ ನಡುವೆ ಗುರುಗಳಿಗೆ ಒಬ್ಬೊಬ್ಬರ ಕಾಯಿಲೆ ಗೊತ್ತಿರಲ್ಲ, ಕೈ ಎತ್ತಿ ಹೇಳಲು ನಾಚಿಕೆಯಾದರೆ ಮೊದಲೇ ಪಕ್ಕಕ್ಕೆ ಕರೆದು ಹೇಳಬೇಕು.

ಕೆರಳಿದಾಗ ಏನು?

ಭೇದಿ ಹೆಚ್ಚಾಗಿ ರಕ್ತ ಶುರುವಾದರೆ ಜಿಮ್, ಓಟ, ತೂಕ ಎಲ್ಲ ಬಂದ್. ಆದರೆ ಪೂರ್ತಿ ಹಾಸಿಗೆ ಹಿಡಿಯುವುದೂ ಸರಿಯಲ್ಲ. ಈ ಕಾಯಿಲೆ ಕೆರಳಿದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುತ್ತದೆ. ಅಲುಗಾಡದೆ ಮಲಗಿದರೆ ಅದು ಇನ್ನೂ ಹೆಚ್ಚು. ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡುವುದು, ಮಲಗಿದಲ್ಲೇ ಪಾದ ಮೇಲೆ ಕೆಳಗೆ ಮಾಡುವುದು, ನೀರು ಕುಡಿಯುವುದು ಇಷ್ಟಾದರೂ ನಡೆಯಬೇಕು. ಕೆರಳಿದ್ದು ಇಳಿದ ಮೇಲೆ ಹಿಂದೆ 5 ಕಿಲೋಮೀಟರ್ ನಡೀತಿದ್ದವರೂ ಮತ್ತೆ 10 ನಿಮಿಷದಿಂದಲೇ ಶುರು ಮಾಡಬೇಕು. ಇದಕ್ಕೆ ಬೇಜಾರು ಮಾಡಿಕೊಳ್ಳುವವರೇ ಜಾಸ್ತಿ.

ಕೆಲವು ಲಕ್ಷಣ ಕಂಡರೆ ಮಾರನೇ ದಿನಕ್ಕೆ ಕಾಯಬಾರದು. ದಿನಕ್ಕೆ 6 ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿ ಆಗಿ, ಜೊತೆಗೆ ಜ್ವರ ಇದ್ದರೆ ಅಥವಾ ಕೂತಲ್ಲೇ ನಾಡಿ ನಿಮಿಷಕ್ಕೆ 90 ದಾಟಿದರೆ ಅದು ತೀವ್ರ ಕೊಲೈಟಿಸ್, ಆಸ್ಪತ್ರೆಗೆ ದಾಖಲಾಗಬೇಕು. ಹೊಟ್ಟೆ ಕಲ್ಲಿನಂತೆ ಉಬ್ಬಿ ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಒಂದೇ ಕಾಲು ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ, ಅಂಥ ಕಾಲನ್ನು ತಿಕ್ಕಬಾರದು. ಇವಕ್ಕೆಲ್ಲ 108ಕ್ಕೆ ಫೋನ್ ಮಾಡಿ ಮೆಗ್ಗಾನ್ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗುವುದೇ ದಾರಿ. ಹೋಗುವಾಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ. ಸ್ಟೀರಾಯ್ಡ್ ತಗೊಳ್ಳುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು ಅನ್ನೋದೂ ನೆನಪಿರಲಿ.

ಕೊನೆಗೂ ಶೌಚಾಲಯದ್ದೇ ಮಾತು

ಇಷ್ಟೆಲ್ಲ ತಿಳಿದುಕೊಂಡರೂ ಹೊರಗೆ ಕಾಲಿಡಲು ಬಿಡದಿರುವುದು ಅವಸರದ ಭಯ. ಇದಕ್ಕೆ ಒಂದಷ್ಟು ಉಪಾಯಗಳಿವೆ. ಎದ್ದ ಕೂಡಲೇ, ಕಾಫಿ ಕುಡಿದ ಕೂಡಲೇ ಕರುಳು ಚುರುಕಾಗುತ್ತದೆ. ಆದ್ದರಿಂದ ಈ ಕಾಯಿಲೆ ಇರುವ ಹಲವರಿಗೆ ಬೆಳಗಿನ ವಾಕಿಂಗೇ ಕಷ್ಟದ್ದು. ಸಂಜೆಗೆ ಬದಲಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಊಟ ಆಗಿ ಎರಡು ಗಂಟೆ ಬಿಟ್ಟು ಹೊರಡುವುದು ಒಳ್ಳೆಯದು. ನೇರ ರಸ್ತೆಯಲ್ಲಿ ಒಂದೂವರೆ ಕಿಲೋಮೀಟರ್ ಹೋಗಿ ಬರುವ ಬದಲು ಮನೆ ಅಥವಾ ಅಂಗಡಿಯನ್ನೇ ನಡುವೆ ಇಟ್ಟುಕೊಂಡು ಸಣ್ಣ ಸಣ್ಣ ಸುತ್ತು ಹಾಕಿದರೆ ಶೌಚಾಲಯ ಯಾವಾಗಲೂ ಐದು ನಿಮಿಷದ ಒಳಗಿರುತ್ತದೆ. ಗಿರಾಕಿ ಕಮ್ಮಿ ಇರುವ ಹೊತ್ತಿನಲ್ಲಿ 10 ನಿಮಿಷದಂತೆ ದಿನಕ್ಕೆ ಮೂರು ಸಲ ನಡೆದರೂ ಲೆಕ್ಕಕ್ಕೆ ಅರ್ಧ ಗಂಟೆಯೇ. ಜೇಬಿನಲ್ಲಿ ಒಂದು ಜೊತೆ ಒಳಉಡುಪು, ಟಿಶ್ಯೂ ಇದ್ದರೆ ಧೈರ್ಯ. ಬೇಕಾಗುತ್ತೋ ಇಲ್ಲವೋ, ಇದೆ ಅನ್ನುವುದೇ ಸಾಕು.

ಐಬಿಡಿ ಹೆಚ್ಚಾಗಿ ಶುರುವಾಗುವುದು ಹರೆಯದಲ್ಲಿ, ಯೌವನದಲ್ಲಿ. ಹೈಸ್ಕೂಲು, ಪಿಯುಸಿ ಮಕ್ಕಳು ಆಟದ ಪಿರಿಯಡ್ ತಪ್ಪಿಸಿಕೊಳ್ಳುತ್ತಿದ್ದರೆ ಸೋಮಾರಿತನ ಅಂತ ಬೈಯುವ ಮೊದಲು ಕೇಳಬೇಕು. ಪಿಟಿ ಮೇಷ್ಟ್ರಿಗೆ ಅಪ್ಪ ಅಮ್ಮ ಒಂದು ಮಾತು ಹೇಳಿಟ್ಟರೆ, ಮಗು ಎಲ್ಲರ ಮುಂದೆ ಅನುಮತಿ ಕೇಳದೆ ಎದ್ದು ಹೋಗುವ ಹಾಗೆ ಮಾಡಬಹುದು.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಕ್ರಾನ್ಸ್ ಇದ್ದ ಹುಡುಗಿಯೊಬ್ಬಳಿಗೆ ಅಂಗಡಿಯೊಂದರಲ್ಲಿ ಸಿಬ್ಬಂದಿಯ ಶೌಚಾಲಯ ಬಳಸಲು ಬಿಡಲಿಲ್ಲ. ಅದರಿಂದ 2005ರಲ್ಲಿ ಒಂದು ಕಾನೂನೇ ಬಂತು. ಇಂಥ ಕಾಯಿಲೆ ಇರುವ ಗ್ರಾಹಕರು ಕೇಳಿದರೆ ಅಂಗಡಿಯವರು ಸಿಬ್ಬಂದಿಯ ಶೌಚಾಲಯ ಬಿಡಬೇಕು ಅಂತ. ಆ ಹುಡುಗಿಯ ಹೆಸರಿನಲ್ಲೇ ಅದನ್ನು ಆಲಿ ಕಾನೂನು ಅನ್ನುತ್ತಾರೆ. ನಮ್ಮ ಪೇಟೆಗಳಲ್ಲಿ ಕಾನೂನಿಗಿಂತ ಪರಿಚಯವೇ ಬೇಗ ಕೆಲಸಕ್ಕೆ ಬರುತ್ತದೆ. ವಾಕಿಂಗ್ ದಾರಿಯಲ್ಲಿರುವ ಹಾಲಿನ ಬೂತು, ಹೋಟೆಲು, ಪೆಟ್ರೋಲ್ ಬಂಕುಗಳು ಬೇಗ ತೆರೆಯುತ್ತವೆ. "ಅಣ್ಣಾ, ನಂಗೆ ಕರುಳಿನ ಕಾಯಿಲೆ ಇದೆ, ಒಮ್ಮೊಮ್ಮೆ ಅರ್ಜೆಂಟ್ ಆಗುತ್ತೆ, ಹಿಂದಿನ ಶೌಚಾಲಯ ಬಳಸಬಹುದಾ?" ಅಂತ ಅಲ್ಲಿ ಇಬ್ಬರನ್ನಾದರೂ ಮೊದಲೇ ಕೇಳಿಟ್ಟುಕೊಳ್ಳಬೇಕು. ಹಾಗೆ ಕೇಳಿದವರಿಗೆ ಬೀಗದ ಕೈ ಎಲ್ಲಿ ನೇತುಹಾಕಿದೆ ಅಂತ ಅಂಗಡಿಯವರು ತೋರಿಸಿಟ್ಟರೆ, ಅವಸರ ಬಂದ ದಿನ ಮಾತಾಡುತ್ತಾ ನಿಲ್ಲುವ ಪ್ರಮೇಯವೇ ಬರುವುದಿಲ್ಲ.